ಗುಂಡಿ ಆರಿಸುವ ಯಂತ್ರ

ದಸರಾ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ದಿನ ಯಾವ ಟೀಚರಿಗೂ ಉತ್ಸಾಹ ಇರುವುದಿಲ್ಲ. ಇದೆ ಎಂದು ಹೇಳುವವರನ್ನು ನಂಬಬಾರದು. ಜಯಶೀಲಾಗಂತೂ ಆವತ್ತು ಹಾಸಿಗೆಯಿಂದ ಕಾಲು ಕೆಳಗಿಡುವುದೇ ಬೇಡವಾಗಿತ್ತು. ಆಲ್ಕೊಳ ಸರ್ಕಲ್ಲಿನಲ್ಲಿ ಸಿಟಿ ಬಸ್ಸು ಹತ್ತಿ, ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಇಳಿದು, ಮತ್ತೆ ಭದ್ರಾವತಿ ಬಸ್ಸು ಹಿಡಿಯುವ ಈ ಕೆಲಸವನ್ನು ಅವಳು ಇಪ್ಪತ್ತೇಳು ವರ್ಷದಿಂದ ಮಾಡುತ್ತಿದ್ದಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ ಸೀಟೂ ಇಲ್ಲ. ಮಾಚೇನಹಳ್ಳಿ ಬರುವ ತನಕ ಕಂಬಿ ಹಿಡಿದು ನಿಂತು, ಅಲ್ಲಿ ಫ್ಯಾಕ್ಟರಿಯವರು ಇಳಿದ ಮೇಲೆ ಸಿಕ್ಕಿದ ಸೀಟಿನಲ್ಲಿ ಕೂತಾಗ ಮೊಣಕಾಲು ಒಂದು ಸಲ ಕಟಕ್ಕೆಂದಿತು. ಐವತ್ತಮೂರು ವರ್ಷದ ಮೊಣಕಾಲು ಇನ್ನೇನು ಹಾಡು ಹೇಳುತ್ತದೆಯೇ?

ಆವತ್ತು ಹನ್ನೊಂದು ಗಂಟೆಗೆ ಶಾಲೆಯ ಆಡಳಿತ ಮಂಡಳಿಯವರು ಅವಳ ರೊಬೊಟಿಕ್ಸ್ ಕ್ಲಾಸು ನೋಡಲು ಬರುವವರಿದ್ದರು. ಅವಳು ಮಕ್ಕಳಿಂದ ಕಟ್ಟಿಸಿದ ಯಂತ್ರ ಸರಿಯಾಗಿ ಓಡಿದರೆ ಕ್ಲಾಸು ಅವಳದೇ. ಓಡದಿದ್ದರೆ ಬೆಂಗಳೂರಿನ ಒಂದು ಕಂಪನಿಯವರು ಬಂದು ನಡೆಸುತ್ತಾರೆ. ಅವರದೇ ಮೇಷ್ಟ್ರು, ಅವರದೇ ಪಾಠ. ಆಗ ಜಯಶೀಲಾಗೆ ಆ ಶಾಲೆಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಹೆಡ್‌ಮಾಸ್ಟರ್ ಯೋಗರಾಜ್ ಅದನ್ನು ರಜೆಗೆ ಮುಂಚೆಯೇ ಬಹಳ ಮರ್ಯಾದೆಯಿಂದ ತಿಳಿಸಿದ್ದರು.

“ನೀವೂ ಎಷ್ಟು ಅಂತ ಓಡಾಡ್ತೀರಿ ಮೇಡಂ? ಆರಾಮಾಗಿ ಮನೇಲಿರಿ.”

ಆರಾಮ ಅವಳಿಗೂ ಬೇಕಿತ್ತು. ಬಸ್ಸಿಳಿಯುವಾಗೆಲ್ಲ ಬೇಕು ಅನ್ನಿಸುತ್ತಿತ್ತು. ಆದರೆ ಅದನ್ನು ತಾನಾಗಿ ಕೇಳಿ ಪಡೆಯುವುದು ಬೇರೆ, ಇನ್ನೊಬ್ಬರು ಕೈಗಿಟ್ಟು ಬಾಗಿಲು ತೋರಿಸುವುದು ಬೇರೆ. ಆ ಮಾತು ಕೇಳಿದ ದಿನದಿಂದ ಅವಳಿಗೆ ಒಳಗೇ ಸಿಟ್ಟು, ಸಿಟ್ಟಿನ ಹಿಂದೆಯೇ ಸುಸ್ತು. ಗಂಡ ಶಿವರಾಜ್ ‘ಬಿಟ್ಟಾಕು ಮಾರಾಯ್ತಿ, ಸಾಕು ಮಾಡಿದ್ದು’ ಎಂದದ್ದಕ್ಕೆ ಮೂರು ದಿನ ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ಅವಳು ಈ ಶಾಲೆಗೆ ಸೇರಿದ್ದು ಹೊಲಿಗೆ ಟೀಚರ್ ಆಗಿ. ಭದ್ರಾವತಿಯ ನ್ಯೂಟೌನು ಆಗ ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಏಳುತ್ತಿತ್ತು, ಮಲಗುತ್ತಿತ್ತು. ಕನ್ನಡ, ತಮಿಳು, ತೆಲುಗು ಮನೆಗಳ ಹೆಣ್ಣುಮಕ್ಕಳು ಆರು ಹೊಲಿಗೆ ಮಿಷನ್ನುಗಳ ಮುಂದೆ ಸರದಿ ನಿಲ್ಲುತ್ತಿದ್ದರು. ಕಾರ್ಖಾನೆ ಸೊರಗಿತು, ಕ್ವಾರ್ಟರ್ಸುಗಳು ಖಾಲಿಯಾದವು, ಮಕ್ಕಳು ಕಡಿಮೆಯಾದರು. ಇದ್ದವರನ್ನು ಹಿಡಿದಿಡಲು ಶಾಲೆ ಮೊದಲು ಹೆಸರು ಬದಲಾಯಿಸಿತು, ಆಮೇಲೆ ಯೂನಿಫಾರಂ ಬದಲಾಯಿಸಿತು, ಆಮೇಲೆ ಹೊಲಿಗೆ ಪೀರಿಯಡ್ಡನ್ನೇ ತೆಗೆದುಹಾಕಿತು. ಹೆಣ್ಣುಮಕ್ಕಳ ಟಾಯ್ಲೆಟ್ಟಿನ ಬಾಗಿಲಿಗೆ ಇವತ್ತಿಗೂ ಚಿಲಕವಿಲ್ಲ, ಆದರೆ ರೊಬೊಟಿಕ್ಸ್ ಲ್ಯಾಬು ಬಂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆರು ಮಿಷನ್ನುಗಳು ಗುಜರಿಗೆ ಹೋದ ಜಾಗದಲ್ಲಿ ಆರು ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದು ಕೂತವು. ರೂಮು ಅದೇ, ಟೀಚರೂ ಅವಳೇ.

ಪೆಟ್ಟಿಗೆಯೊಳಗೆ ಇದ್ದದ್ದು ನೋಡಲು ಮಕ್ಕಳ ಆಟದ ಸಾಮಾನೇ. ಒಂದಕ್ಕೊಂದು ಕಚ್ಚಿಕೊಳ್ಳುವ ಬಣ್ಣದ ತುಂಡುಗಳು, ಹಲ್ಲುಚಕ್ರಗಳು, ಎರಡು ಮೋಟಾರು, ಬಣ್ಣ ಗುರುತಿಸುವ ಒಂದು ಸೆನ್ಸರ್, ಇವನ್ನೆಲ್ಲ ಆಳುವ ಸೋಪಿನ ಡಬ್ಬಿಯಷ್ಟು ದೊಡ್ಡ ಬ್ಯಾಟರಿ ಪೆಟ್ಟಿಗೆ. ತುಂಡುಗಳನ್ನು ಜೋಡಿಸಿ ಬೇಕಾದ ಯಂತ್ರ ಕಟ್ಟಬೇಕು. ಅದು ಏನು ಮಾಡಬೇಕೆಂದು ಟ್ಯಾಬಿನಲ್ಲಿ ಪ್ರೋಗ್ರಾಂ ಬರೆದು ಕಳಿಸಬೇಕು. ಶಿವಮೊಗ್ಗದಲ್ಲಿ ಮೂರು ದಿನ ತರಬೇತಿ ಕೊಟ್ಟ ಸ್ಫೂರ್ತಿ ಎಂಬ ಇಪ್ಪತ್ತೆರಡರ ಹುಡುಗಿ, ‘ಪ್ರೋಗ್ರಾಂ ಅಂದ್ರೆ ನಿಮ್ಮ ಹೊಲಿಗೆ ಥರಾನೇ ಮೇಡಂ, ತುಂಬಾ ಈಸಿ’ ಎಂದಿದ್ದಳು. ಹೊಲಿಗೆ ಈಸಿ ಎಂದು ಇವಳಿಗೆ ಹೇಳಿಕೊಟ್ಟವರು ಯಾರು? ಗುಂಡಿ ತೂರಿಸುವ ಒಂದು ಕಾಜಾ ನೆಟ್ಟಗೆ ಹೊಲಿಯುವುದನ್ನು ಕಲಿಯಲು ಜಯಶೀಲಾಗೆ ಒಂದು ವರ್ಷ ಹಿಡಿದಿತ್ತು.

ಮೊದಲ ತಿಂಗಳು ಅವಳು ಕಟ್ಟಿಸಿದ ಗಾಡಿ, ಮುಂದೆ ಹೋಗು ಎಂದರೆ ಹಿಂದೆ ಹೋಗಿ ಮೇಜಿನಿಂದ ಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗದೆ ಇದ್ದವಳು ಒಬ್ಬಳೇ, ಒಂಬತ್ತನೇ ಕ್ಲಾಸಿನ ಸ್ಪಂದನಾ. ಲಗೇಜ್ ಆಟೋ ಓಡಿಸುವವರ ಮಗಳು, ಓಲ್ಡ್‌ಟೌನಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅವಳು ಗಾಡಿಯನ್ನು ನೆಲದಿಂದ ಎತ್ತಿ, ಮಗುಚಿ ನೋಡಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು.

“ಮೋಟಾರು ಉಲ್ಟಾ ಕೂತಿದೆ ಮಿಸ್, ಅಷ್ಟೆ. ನಿಮ್ ತಪ್ಪೇನಿಲ್ಲ.”

ಅವತ್ತಿನಿಂದ ಇಬ್ಬರೂ ಜೋಡಿಯಾದರು. ಕಟ್ಟುವ ಕೈ ಜಯಶೀಲಾಳದು. ಯಾವ ತುಂಡು ಎಲ್ಲಿ ಕೂತರೆ ಅಲ್ಲಾಡುವುದಿಲ್ಲ ಎಂದು ಅವಳ ಬೆರಳುಗಳಿಗೆ ಬೇಗ ಗೊತ್ತಾಯಿತು. ಪ್ರೋಗ್ರಾಂ ಸ್ಪಂದನಾಳದು. ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಕೂತು ಆ ಹುಡುಗಿಯೇ ಟೀಚರಿಗೆ ಪಾಠ ಹೇಳುತ್ತಿದ್ದಳು. ‘ಇದು ಕೆಂಪಾ ಅಂತ ಕೇಳುತ್ತೆ ಮಿಸ್. ಹೌದು ಅಂದ್ರೆ ಎಡಕ್ಕೆ ತಳ್ಳುತ್ತೆ. ಅಲ್ಲ ಅಂದ್ರೆ ಮುಂದಿನ ಪ್ರಶ್ನೆಗೆ ಹೋಗುತ್ತೆ.’ ಕೇಳುವಾಗ ಜಯಶೀಲಾಗೆ ಎಲ್ಲ ತಿಳಿಯುತ್ತಿತ್ತು, ಬಸ್ಸು ಹತ್ತುವಷ್ಟರಲ್ಲಿ ಅರ್ಧ ಮರೆತುಹೋಗುತ್ತಿತ್ತು. ಮರುದಿನ ಮತ್ತೆ ಅದನ್ನೇ ಕೇಳಿದರೆ ಹುಡುಗಿ ಮುಖ ಸಿಂಡರಿಸುತ್ತಿರಲಿಲ್ಲ. ಹೆತ್ತ ಮಗನೇ ಫೋನಿನಲ್ಲಿ ಏನಾದರೂ ತೋರಿಸಿಕೊಡು ಎಂದರೆ ಎರಡನೇ ಸಲಕ್ಕೆ ರೇಗುತ್ತಿದ್ದ. ಈ ಹುಡುಗಿಯ ಮುಂದೆ ಮಾತ್ರ ‘ಗೊತ್ತಿಲ್ಲ’ ಎನ್ನಲು ಅವಳಿಗೆ ನಾಚಿಕೆಯಾಗುತ್ತಿರಲಿಲ್ಲ. ಅದೆಂಥ ದೊಡ್ಡ ಉಪಕಾರ ಎನ್ನುವುದು ಐವತ್ತು ದಾಟಿ ಹೊಸದನ್ನು ಕಲಿಯಲು ಕೂತವರಿಗೆ ಗೊತ್ತು.

ಇಬ್ಬರೂ ಸೇರಿ ಮಾಡಿದ್ದು ಗುಂಡಿ ಆರಿಸುವ ಯಂತ್ರ. ಹೊಲಿಗೆ ಕಾಲದ ಬೀರುವಿನಲ್ಲಿ ಕೋಟಿನ ಗುಂಡಿಗಳ ಡಬ್ಬಗಳು ಹಾಗೇ ಉಳಿದಿದ್ದವು. ಕೆಂಪು, ನೀಲಿ, ಬಿಳಿ ಎಲ್ಲ ಕಲಸಿಹೋಗಿದ್ದವು. ಮೇಲಿನಿಂದ ಒಂದೊಂದೇ ಗುಂಡಿ ಜಾರಿ ಬಂದು ಸೆನ್ಸರಿನ ಮುಂದೆ ನಿಲ್ಲಬೇಕು, ಸೆನ್ಸರು ಬಣ್ಣ ನೋಡಬೇಕು, ಒಂದು ಪುಟ್ಟ ಪ್ಲಾಸ್ಟಿಕ್ ಕೈ ಅದನ್ನು ಆಯಾ ಬಣ್ಣದ ಲೋಟಕ್ಕೆ ತಳ್ಳಬೇಕು. ಇಷ್ಟು ಮಾಡಲು ಎರಡು ತಿಂಗಳು ಹಿಡಿಯಿತು. ರಜೆಗೆ ಮುಂಚಿನ ಶುಕ್ರವಾರ ಮೂವತ್ತು ಗುಂಡಿಗಳಲ್ಲಿ ಮೂವತ್ತೂ ಸರಿಯಾದ ಲೋಟಕ್ಕೆ ಬಿದ್ದವು. ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ನಡೆಯುವ ಮಕ್ಕಳ ಪ್ರದರ್ಶನಕ್ಕೆ ಶಾಲೆಯಿಂದ ಸ್ಪಂದನಾಳ ಹೆಸರು ಹೋಯಿತು. ಜಯಶೀಲಾ ಆವತ್ತು ಬಸ್ಸಿನಲ್ಲಿ ನಿಂತೇ ಹೋದಳು, ನಿಂತದ್ದು ಗೊತ್ತಾಗಲಿಲ್ಲ.

ಆಯುಧಪೂಜೆ ರಜೆಯ ನಡುವೆ ಬಂತು. ಶಾಲೆಯ ಬಸ್ಸು, ಜನರೇಟರು, ಕಂಪ್ಯೂಟರುಗಳಿಗೆ ಪೂಜೆ ಮಾಡಲು ಸಿಬ್ಬಂದಿಯನ್ನು ಕರೆದಿದ್ದರು. ಕಾರ್ಖಾನೆ ಊರಿನಲ್ಲಿ ಆಯುಧಪೂಜೆ ಎಂದರೆ ತಮಾಷೆಯಲ್ಲ; ಮನೆಯ ಹಳೇ ಸ್ಪ್ಯಾನರಿಗೂ ಇಲ್ಲಿ ಹೂವು ಬೀಳುತ್ತದೆ. ಜಯಶೀಲಾ ಪ್ರತಿವರ್ಷ ಆರು ಹೊಲಿಗೆ ಮಿಷನ್ನುಗಳಿಗೂ ವಿಭೂತಿ ಹಚ್ಚಿ, ಸೇವಂತಿಗೆ ಏರಿಸಿ, ಮಕ್ಕಳಿಗೆ ಮಂಡಕ್ಕಿ ಹಂಚುತ್ತಿದ್ದವಳು. ಈ ವರ್ಷ ಯಾವುದಕ್ಕೆ ಹಚ್ಚುವುದು? ಗುಂಡಿ ಆರಿಸುವ ಯಂತ್ರವನ್ನು ಮೇಜಿನ ಮೇಲಿಟ್ಟು, ಎದುರಿಗೆ ನಿಂತು, ಇದರ ಮುಖ ಎಲ್ಲಿ ಎಂದು ಹುಡುಕಿದಳು. ಹೊಲಿಗೆ ಮಿಷನ್ನಿಗಾದರೆ ತಲೆ ಎಂಬುದಿದೆ. ಇದರಲ್ಲಿ ಮುಖ ಎನ್ನಬಹುದಾದದ್ದು ಸೆನ್ಸರ್ ಒಂದೇ. ಬಿಳಿಯ ಒಂದು ಚೌಕ, ನಡುವೆ ಗಾಜಿನ ಕಣ್ಣು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳು ಅದ್ದಿ, ಆ ಚೌಕದ ಮೇಲೆ ಮೂರೆಳೆ ಎಳೆದಳು. ಚೌಕವೋ ಬೆಂಕಿಪೊಟ್ಟಣದ ಅರ್ಧದಷ್ಟಿತ್ತು. ಹಣೆಗೆಂದು ಹಚ್ಚಿದ್ದು ಕಣ್ಣಿಗೂ ಹತ್ತಿತು. ಒಣಗಿದ ಮೇಲೆ ಬಿಳಿಯ ಮೇಲೆ ಬಿಳಿ ಯಾರಿಗೂ ಕಾಣುವಂತಿರಲಿಲ್ಲ. ‘ಮಾನ ಕಾಪಾಡಪ್ಪಾ’ ಎಂದು ಕೈಮುಗಿದು ಅವಳು ಮನೆಗೆ ಹೋದಳು.

ಈಗ ರಜೆ ಮುಗಿದ ಈ ದಿನ ಅವಳು ಲ್ಯಾಬಿಗೆ ಕಾಲಿಡುವ ಹೊತ್ತಿಗೆ ಸ್ಪಂದನಾ ಆಗಲೇ ಬಂದು ಚಾರ್ಜರ್ ಸಿಕ್ಕಿಸುತ್ತಿದ್ದಳು. ಎರಡು ವಾರ ಸುಮ್ಮನೆ ಬಿದ್ದ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಒಂಬತ್ತೂವರೆಗೆ ಕರೆಂಟ್ ಹೋಯಿತು, ಬಂದದ್ದು ಹತ್ತೂವರೆಗೆ. ಒಮ್ಮೆ ಓಡಿಸಿ ನೋಡಲೂ ಹೊತ್ತಿರಲಿಲ್ಲ.

“ಮಿಸ್, ಒಂದು ಹೇಳ್ತೀನಿ, ಬೈಬೇಡಿ,” ಎಂದಳು ಸ್ಪಂದನಾ. “ರಜೆಗೆ ಮುಂಚೆ ಶುಕ್ರವಾರ ನೀವು ಹೋದ್ಮೇಲೆ ನಾನು ಪ್ರೋಗ್ರಾಮಲ್ಲಿ ಒಂದೆರಡು ನಂಬರ್ ಬದಲಾಯಿಸಿದ್ದೆ. ಇನ್ನೂ ಸ್ಪೀಡಾಗ್ಲಿ ಅಂತ.”

“ಮುಟ್ಬೇಡ ಅಂತ ಹೇಳಿದ್ನಲ್ಲೇ!”

“ಏನೂ ಆಗಲ್ಲ ಮಿಸ್. ಆಗಲ್ಲ ಅನ್ಸುತ್ತೆ.”

ಅಷ್ಟರಲ್ಲಿ ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಕೇಳಿಸಿತು. ಮುಂದೆ ಆಡಳಿತ ಮಂಡಳಿಯ ಅಧ್ಯಕ್ಷರು ಉಜ್ಜನಪ್ಪ, ಹಣೆಯ ಈ ತುದಿಯಿಂದ ಆ ತುದಿಗೆ ವಿಭೂತಿ ಧರಿಸಿ, ಪಂಚೆ ಎತ್ತಿ ಹಿಡಿದು ಬಂದರು. ಹಿಂದೆ ನಾಲ್ವರು ಸದಸ್ಯರು, ಅವರ ಪಕ್ಕದಲ್ಲಿ ನಡು ಬಗ್ಗಿಸಿಕೊಂಡು ಯೋಗರಾಜ್, ಕೊನೆಗೆ ಕಂಪನಿಯ ಹುಡುಗ ಅತುಲ್. ಲ್ಯಾಬಿನ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟರು. ಅತುಲ್ ಬೂಟು ಹಾಕಿಕೊಂಡೇ ಒಳಗೆ ಬಂದ. ಉಜ್ಜನಪ್ಪ ಆ ಬೂಟುಗಳನ್ನು ಒಂದು ಸಲ ನೋಡಿದರು.

ಜಯಶೀಲಾ ನಾಲ್ಕು ಮಾತಿನಲ್ಲಿ ಯಂತ್ರದ ವಿಷಯ ಹೇಳಿದಳು. ಸ್ಪಂದನಾ ಟ್ಯಾಬು ಒತ್ತಿದಳು. ಮೋಟಾರು ಗುಂಯ್ ಎಂದಿತು. ಮೊದಲು ಜಾರಿ ಬಂದದ್ದು ಕೆಂಪು ಗುಂಡಿ. ಪ್ಲಾಸ್ಟಿಕ್ ಕೈ ಅದನ್ನು ಬಿಳಿ ಲೋಟಕ್ಕೆ ತಳ್ಳಿತು. ನೀಲಿ ಗುಂಡಿ ಬಂತು, ಅದೂ ಬಿಳಿ ಲೋಟಕ್ಕೆ. ಬಿಳಿ ಬಂತು, ಬಿಳಿ ಲೋಟಕ್ಕೇ ಹೋಯಿತು, ಒಬ್ಬ ಸದಸ್ಯರು ಚಪ್ಪಾಳೆ ತಟ್ಟಿದರು. ಮತ್ತೆ ಕೆಂಪು, ಮತ್ತೆ ಬಿಳಿ ಲೋಟ. ಹತ್ತು ಗುಂಡಿ ಆದರೂ ಉಳಿದೆರಡು ಲೋಟಗಳು ಖಾಲಿಯೇ ಇದ್ದವು.

“ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಕೇಳಿದೀವಿ,” ಎಂದರು ಉಜ್ಜನಪ್ಪ. “ನಿಮ್ಮ ಮಿಷನ್ನಿಗೆ ಕೆಂಪಗಿರೋದೂ ಹಾಲೇ ಅಲ್ವೇನ್ರೀ?”

ಎಲ್ಲರೂ ನಕ್ಕರು. ಜಯಶೀಲಾ ಏನಾಗಿದೆ ಎಂದು ಯಂತ್ರದ ಮುಂದೆ ಬಗ್ಗಿದಳು. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು ಅದು. ಸೆನ್ಸರಿನ ಗಾಜಿನ ಮೇಲೆ ಒಣಗಿ ಬಿರುಕುಬಿಟ್ಟ ವಿಭೂತಿಯ ಪದರ ಕಂಡಿತು, ಅದರ ಮೇಲೆ ಅವಳದೇ ಬೆರಳಿನ ಗೆರೆಯೂ ಕಂಡಿತು. ಅವಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಯಂತ್ರಕ್ಕೆ ಎಲ್ಲ ಬಿಳಿಯಾಗಿ ಕಾಣಿಸುತ್ತಿದ್ದದ್ದು ಪ್ರೋಗ್ರಾಮಿನಿಂದಲ್ಲ.

ಹೇಳಲೆಂದು ಅವಳು ತಲೆಯೆತ್ತಿದಳು. ಅದೇ ಹೊತ್ತಿಗೆ ಯೋಗರಾಜ್ ಕೇಳಿದರು, “ಯಾರು ಪ್ರೋಗ್ರಾಂ ಬರ್ದಿದ್ದು?”

ಎಲ್ಲರೂ ಸ್ಪಂದನಾಳ ಕಡೆ ನೋಡಿದರು. ಸ್ಪಂದನಾ ಜಯಶೀಲಾಳ ಕಡೆ ನೋಡಿದಳು. ಜಯಶೀಲಾ ಗುಂಡಿಗಳನ್ನು ನೋಡುತ್ತಿದ್ದಳು.

“ನಾನು ಸರ್,” ಎಂದಳು ಹುಡುಗಿ. “ಕೊನೇಲಿ ನಂಬರ್ ಬದಲಾಯಿಸಿದ್ದೆ. ಮಿಸ್ ಬೇಡ ಅಂದಿದ್ರು. ನಂದೇ ತಪ್ಪು ಸರ್. ತಪ್ಪಾಯ್ತು.”

“ಇಂಥೋರನ್ನ ಶಿವಮೊಗ್ಗಕ್ಕೆ ಕಳಿಸಿ ಸ್ಕೂಲಿನ ಮರ್ಯಾದೆ ತೆಗೆಯೋದಾ? ಆ ಲಿಸ್ಟಿಂದ ಇವಳ ಹೆಸರು ತೆಗೀರಿ ಮೇಡಂ,” ಎಂದರು ಯೋಗರಾಜ್.

ಜಯಶೀಲಾ ಬಾಯಿ ಬಿಡಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು: ಯಂತ್ರದ ಕಣ್ಣು ಯಾವುದು, ಹಣೆ ಯಾವುದು ಎಂದು ತಿಳಿಯದ ಟೀಚರ್ ಎಂದು ಈ ಜನ ಚಹಾ ಕುಡಿಯುತ್ತ ನಗುತ್ತಾರೆ, ಆಮೇಲೆ ಮನೆಗೆ ಕಳಿಸುತ್ತಾರೆ. ಈಗಲಾದರೆ ಮಗು ಮಾಡಿದ ತಪ್ಪು, ಕ್ಷಮಿಸಲೂಬಹುದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ. ದೊಣ್ಣೆ ತಪ್ಪಿತು, ಹೋಗಿ ಯಾರ ಮೇಲೆ ಬಿತ್ತೆಂದು ನೋಡುವ ಧೈರ್ಯ ಮಾತ್ರ ಅವಳಿಗಿರಲಿಲ್ಲ. ಅವಳು ಕೆಟ್ಟವಳೆಂದು ಯಾರೂ ತಿಳಿಯಬಾರದು. ಅವಳಿಗೆ ಬಹಳ ದಣಿವಾಗಿತ್ತು, ದಣಿದವರು ಸುಲಭದ ದಾರಿ ಹಿಡಿಯುತ್ತಾರೆ.

ಮಂಡಳಿಯವರು ಉಪ್ಪಿಟ್ಟು ತಿನ್ನಲು ಹೆಡ್‌ಮಾಸ್ಟರ ರೂಮಿಗೆ ಹೋದರು. ಅತುಲ್ ಲ್ಯಾಪ್‌ಟಾಪಿನ ಚೀಲ ಎತ್ತಿಕೊಂಡು ಹಿಂದೆಯೇ ಹೋದ. ಲ್ಯಾಬಿನಲ್ಲಿ ಇಬ್ಬರೇ ಉಳಿದರು. ಜಯಶೀಲಾ ಕುರ್ಚಿಯಲ್ಲಿ ಕೂತಳು. ಸ್ಪಂದನಾ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದಳು. ಕಣ್ಣೀರು ಗಾಜಿನ ಮೇಲೆ ಬಿದ್ದಾಗ ಪರದೆ ತಾನಾಗಿ ಸರಿದುಹೋಗುತ್ತಿತ್ತು. ಅವಳು ಒರೆಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಇಲ್ಲದ ತಪ್ಪನ್ನು ಆ ಹುಡುಗಿ ಹತ್ತು ನಿಮಿಷ ಹುಡುಕಿದಳು, ಆ ಹತ್ತು ನಿಮಿಷವೂ ಜಯಶೀಲಾ ಕೂತು ನೋಡಿದಳು.

“ಎಲ್ಲಿ ತಪ್ಪಿದೆ ಅಂತ ಗೊತ್ತೇ ಆಗ್ತಿಲ್ಲ ಮಿಸ್,” ಎಂದಳು ಕೊನೆಗೆ ಸ್ಪಂದನಾ. “ನಂದು ಹೋದ್ರೆ ಹೋಗ್ಲಿ. ನನ್ನಿಂದ ನಿಮ್ ಕ್ಲಾಸ್ ಹೋಯ್ತಲ್ಲ.”

ಇಷ್ಟನ್ನು ಕೇಳಿಸಿಕೊಂಡು ಕೂತಿರಲು ಜಯಶೀಲಾಗೆ ಆಗಲಿಲ್ಲ. ಎದ್ದಳು. ಹೆಡ್‌ಮಾಸ್ಟರ ರೂಮಿನ ತನಕ ಮೂವತ್ತು ಹೆಜ್ಜೆ. ಅಷ್ಟು ಭಾರದ ಕಾಲು ಅವಳಿಗೆ ಬಸ್ಸಿನಲ್ಲೂ ಇರಲಿಲ್ಲ. ಒಳಗೆ ಅತುಲ್ ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸುತ್ತಿದ್ದ.

“ಸಾರ್, ಒಂದ್ನಿಮಿಷ,” ಎಂದಳು. “ಹುಡುಗಿ ತಪ್ಪಲ್ಲ ಅದು. ನಂದು. ಆಯುಧಪೂಜೆ ದಿನ ನಾನೇ ಮಿಷನ್ನಿಗೆ ವಿಭೂತಿ ಹಚ್ಚಿದ್ದೆ. ಸೆನ್ಸರಿನ ಗಾಜಿನ ಮೇಲೆ ಕೂತುಬಿಟ್ಟಿದೆ. ಅದಕ್ಕೆ ಎಲ್ಲ ಬಿಳೀನೇ ಕಾಣ್ತಿತ್ತು. ಈಗಷ್ಟೇ ನೋಡಿದೆ.”

ಅತುಲ್ ಮೊದಲು ನಕ್ಕ. ‘ಸೆನ್ಸರ್ ಮೇಲೆ ಪೂಜೆ ಮಾಡಿದ್ರಾ ಮೇಡಂ?’ ಎಂದು ಇಂಗ್ಲಿಷಿನಲ್ಲಿ ಏನೋ ಸೇರಿಸಿದ. ಯೋಗರಾಜ್ ಕೂಡ ನಗಲು ಬಾಯಿ ತೆರೆದವರು, ಅಧ್ಯಕ್ಷರ ಮುಖ ನೋಡಿ ತೆರೆದ ಬಾಯನ್ನು ಮುಚ್ಚಿದರು. ಉಜ್ಜನಪ್ಪ ನಗುತ್ತಿರಲಿಲ್ಲ.

“ಅದರಲ್ಲಿ ನಗೋದೇನಿದೆ ತಮ್ಮಾ?” ಎಂದರು. “ನಮ್ಮಪ್ಪ ಫರ್ನೇಸ್ ಮುಂದೆ ಮೂವತ್ತು ವರ್ಷ ದುಡ್ದೋರು. ವಿಭೂತಿ ಇಡ್ದೆ ಒಂದು ದಿನಾನೂ ಸ್ವಿಚ್ ಮುಟ್ಲಿಲ್ಲ. ಬರ್ರಮ್ಮ, ಒರೆಸಿ ತೋರ್ಸಿ ನೋಡಣ.”

ಎಲ್ಲರೂ ಮತ್ತೆ ಲ್ಯಾಬಿಗೆ ಬಂದರು. ಜಯಶೀಲಾ ಸೆರಗಿನ ತುದಿ ಒದ್ದೆ ಮಾಡಿ ಗಾಜು ಒರೆಸಿದಳು. ಸ್ಪಂದನಾ ಏನೂ ತಿಳಿಯದೆ ಅವಳ ಕೈಯನ್ನೇ ನೋಡುತ್ತ ನಿಂತಳು; ಸೆರಗಿಗೆ ಹತ್ತಿದ ವಿಭೂತಿಯ ಬಿಳಿ ನೋಡಿದಳು; ಹೇಳಿದಾಗ ಟ್ಯಾಬು ಒತ್ತಿದಳು. ಕೆಂಪು ಕೆಂಪಿಗೆ ಹೋಯಿತು, ನೀಲಿ ನೀಲಿಗೆ ಹೋಯಿತು. ಮೂವತ್ತು ಗುಂಡಿಗಳೂ ಮುಂಚಿಗಿಂತ ಬೇಗನೆ ಮುಗಿದವು, ಯಾಕೆಂದರೆ ಹುಡುಗಿ ಬದಲಾಯಿಸಿದ್ದ ನಂಬರುಗಳು ಸರಿಯಾಗಿಯೇ ಇದ್ದವು. ಉಜ್ಜನಪ್ಪ ಮಗುವಿನ ಹಾಗೆ ಇನ್ನೊಂದು ಸಲ ಹಾಕಿಸಿ ನೋಡಿದರು.

“ಕಂಪನಿ ಗಿಂಪನಿ ಎಲ್ಲ ಮುಂದಿನ ವರ್ಷ ನೋಡಣ ಯೋಗರಾಜ್,” ಎಂದರು. “ಮಿಷನ್ನಿಗೆ ಭಯಭಕ್ತಿಯಿಂದ ನಡ್ಕೊಳೋ ಟೀಚರ್ ಇದ್ದಾಗ ಬೂಟ್ ಹಾಕ್ಕೊಂಡು ಬರೋರು ಯಾಕೆ? ಆ ಮಗು ಹೆಸರೂ ಶಿವಮೊಗ್ಗಕ್ಕೆ ಹೋಗ್ಲಿ. ತಪ್ಪನ್ನ ಕಂಡ ತಕ್ಷಣ ಬಂದು ಒಪ್ಕೊಂಡ್ರಲ್ಲಮ್ಮ, ಅದು ದೊಡ್ಡ ಗುಣ.”

ಯೋಗರಾಜ್ ಜೋರಾಗಿ ತಲೆಯಾಡಿಸಿದರು. ಕ್ಲಾಸು ಉಳಿಯಿತು. ಒಬ್ಬರಾದ ಮೇಲೊಬ್ಬರು ಜಯಶೀಲಾಗೆ ಶುಭ ಹೇಳಿ ಹೊರಟರು.

ಕೋಣೆ ಖಾಲಿಯಾದ ಮೇಲೆ ಅವಳಿಗೆ ಎಷ್ಟೋ ದಿನಗಳಿಂದ ಸಿಗದ ಉಸಿರೊಂದು ಸಿಕ್ಕಿದ ಹಾಗಾಯಿತು. ಗೆದ್ದೆನಲ್ಲ ಎಂದು ಮನಸ್ಸು ಹೇಳಿತು. ಸಂಜೆ ಶಿವರಾಜನಿಗೆ ಹೇಗೆ ಹೇಳಬೇಕೆಂಬುದನ್ನೂ ಯೋಚಿಸಿಬಿಟ್ಟಳು. ಸ್ಪಂದನಾ ಲೋಟಗಳಿಂದ ಗುಂಡಿಗಳನ್ನು ಡಬ್ಬಕ್ಕೆ ಸುರಿಯುತ್ತಿದ್ದಳು.

“ನಾಳೆಯಿಂದ ಶಿವಮೊಗ್ಗಕ್ಕೆ ತಯಾರಿ ಶುರು ಮಾಡಣ ಪುಟ್ಟಿ. ಇನ್ನೊಂದು ಬಣ್ಣ ಸೇರಿಸಣ. ಹಳದಿ.”

ಹುಡುಗಿ ಕೊನೆಯ ಲೋಟವನ್ನೂ ಸುರಿದಳು. ಡಬ್ಬದ ಮುಚ್ಚಳ ಹಾಕಿದಳು.

“ಮಿಸ್, ಆ ವಿಭೂತಿನ ನೀವು ಯಾವಾಗ ನೋಡಿದ್ದು?”

‘ಈಗಷ್ಟೇ’ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆಗಲೇ ಒಂದು ಸಲ ಹೇಳಿಯೂ ಆಗಿತ್ತು, ಹೊಗಳಿಕೆಯೂ ಸಿಕ್ಕಿತ್ತು. ಆದರೆ ಈ ಹುಡುಗಿ ಅವಳ ಅಜ್ಞಾನವನ್ನು ನಾಲ್ಕು ತಿಂಗಳು ಮಡಿಲಲ್ಲಿಟ್ಟು ಕಾಪಾಡಿದವಳು. ಅವಳಿಗೆ ಸುಳ್ಳು ಹೇಳಲು ಜಯಶೀಲಾಗೆ ಬಾಯಿ ಬರಲಿಲ್ಲ.

“ಮೊದಲು ಬಗ್ಗಿ ನೋಡಿದ್ನಲ್ಲ, ಆವಾಗ.”

“ನಾನು ತಪ್ಪಾಯ್ತು ಅನ್ನೋಕೆ ಮುಂಚೆನಾ?”

“ಹೂಂ.”

ಹುಡುಗಿ ಬಯ್ಯುತ್ತಾಳೆ, ಅಳುತ್ತಾಳೆ, ಏನಾದರೂ ಕೇಳುತ್ತಾಳೆ ಎಂದು ಜಯಶೀಲಾ ಕಾದಳು. ಯಾವುದಾದರೂ ಒಂದಾಗಿದ್ದರೆ ಕೈ ಹಿಡಿದು ಸಮಾಧಾನ ಮಾಡಬಹುದಿತ್ತು.

“ಸರಿ ಮಿಸ್,” ಎಂದಳು ಸ್ಪಂದನಾ.

“ಅದಕ್ಕೇ ಹೋಗಿ ಹೇಳಿದ್ನಲ್ಲೇ. ಹೋಗಿ ಒಪ್ಕೊಂಡ್ನಲ್ಲ.”

“ಹೌದು ಮಿಸ್. ಹೇಳಿದ್ರಿ.”

ಅದರಲ್ಲಿ ಕೊಂಕಿರಲಿಲ್ಲ. ಬೇರೆ ಟೀಚರುಗಳ ಹತ್ತಿರ ಮಕ್ಕಳು ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡಿದಳು, ಅಷ್ಟೆ.

ಸ್ಪಂದನಾ ಡಬ್ಬವನ್ನು ಬೀರುವಿನಲ್ಲಿಟ್ಟಳು. ಯಂತ್ರವನ್ನು ಮೇಜಿನ ನಡುವಿಗೆ ಸರಿಸಿದಳು. “ಶಿವಮೊಗ್ಗಕ್ಕೆ ಎಂಟನೇ ಕ್ಲಾಸಿನವರನ್ನ ಯಾರನ್ನಾದ್ರೂ ಕಳಿಸಿ ಮಿಸ್. ನಾನು ಖೋ-ಖೋಗೆ ಹೆಸರು ಕೊಡ್ತೀನಿ. ಪ್ರಾಕ್ಟೀಸ್ ಇದೇ ಪೀರಿಯಡ್ಡಲ್ಲಿ ಬರುತ್ತೆ,” ಎಂದಳು. ಅವಳು ಖೋ-ಖೋ ಆಡಿದ್ದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

“ಸ್ಪಂದನಾ, ಕೂತ್ಕೊ ಸ್ವಲ್ಪ.”

“ಗಣಿತ ಇದೆ ಮಿಸ್.” ಬಾಗಿಲ ತನಕ ಹೋದವಳು ಏನೋ ನೆನಪಾಗಿ ವಾಪಸು ಬಂದಳು. “ಟ್ಯಾಬಿನ ಪಾಸ್‌ವರ್ಡ್ ನಿಮಗೆ ಗೊತ್ತಿಲ್ಲ ಅಲ್ವಾ? ಬರೆದಿಡ್ತೀನಿ.” ನೋಟ್‌ಬುಕ್ಕಿನ ಹಿಂದಿನ ಹಾಳೆಯಿಂದ ಒಂದು ಚೂರು ಹರಿದು, ನಿಂತೇ ಬರೆದು, ಟ್ಯಾಬಿನ ಕೆಳಗೆ ಸಿಕ್ಕಿಸಿ ಹೋದಳು.

ಜಯಶೀಲಾ ಚೀಟಿ ತೆಗೆದು ನೋಡಿದಳು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಅವಳದೇ ಹೆಸರಿತ್ತು, ಹೆಸರಿಗೆ ಅಂಟಿಕೊಂಡು ‘ಮಿಸ್’ ಎಂದಿತ್ತು, ಆಮೇಲೆ ಒಂದು, ಎರಡು, ಮೂರು. ನಾಲ್ಕು ತಿಂಗಳು ದಿನಾ ಪಕ್ಕದಲ್ಲಿ ಕೂತು ಆ ಹುಡುಗಿ ಇದನ್ನೇ ಒತ್ತುತ್ತಿದ್ದಳು.

ಹೊರಗೆ ಮುಂದಿನ ಪೀರಿಯಡ್ಡಿನ ಆರನೇ ಕ್ಲಾಸಿನವರು ಸಾಲಾಗಿ ಬಂದು ನಿಂತಿದ್ದರು. ಮೂವತ್ತೆರಡು ಮಕ್ಕಳು. ಅವಳ ಕ್ಲಾಸು. ‘ಬನ್ನಿ’ ಎಂದು ಒಳಗೆ ಕರೆದು ಕೂರಿಸಿ, ಜಯಶೀಲಾ ಟ್ಯಾಬನ್ನು ಮುಂದಿಟ್ಟುಕೊಂಡು, ಚೀಟಿ ನೋಡುತ್ತ ಒಂದೊಂದೇ ಅಕ್ಷರ ಒತ್ತಿದಳು. ತೆರೆಯಿತು. ಮುಂದೆ ಯಾವುದನ್ನು ಒತ್ತಬೇಕೆಂದು ಕೇಳಲು ಪಕ್ಕಕ್ಕೆ ತಿರುಗಿದಳು.